ಅಯನ, ಸಂಕ್ರಾಂತಿ: ಸವದತ್ತಿಯ ಶಾಸನದಿಂದ ಭೂಗೋಳದ ಪಾಠದವರೆಗೆ

ಡಿಸೆಂಬರ್ 21 ಅಥವಾ 22ರಂದು ಸೂರ್ಯನು ನೆತ್ತಿಯ ಮೇಲೆ ಬರುವ ದಕ್ಷಿಣದ ಅಕ್ಷಾಂಶವನ್ನು ಕನ್ನಡ ಭೂಗೋಳ ಪಠ್ಯಗಳು ‘ಮಕರ ಸಂಕ್ರಾಂತಿ ವೃತ್ತ’ ಎಂದು ಕರೆಯುತ್ತವೆ. ಮಕರ ಸಂಕ್ರಾಂತಿಯ ಹಬ್ಬವಾದರೋ ಜನವರಿ 14 ಇಲ್ಲವೆ 15ಕ್ಕೆ ಬರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ವಿದ್ಯಾರ್ಥಿಗೆ ಎರಡೂ ಪರಿಚಿತ: ಒಂದು ಪಾಠದಿಂದ, ಇನ್ನೊಂದು ಮಲಪ್ರಭೆಯ ಸ್ನಾನ ಮತ್ತು ಕುಸುರೆಳ್ಳಿನಿಂದ. ನಡುವಣ ಮೂರು ವಾರಗಳ ಅಂತರವು ಪಠ್ಯದ ತಪ್ಪಲ್ಲ, ಪಂಚಾಂಗದ್ದೂ ಅಲ್ಲ. ಅದು ಪದದ ಚರಿತ್ರೆಗೆ ಸೇರಿದ್ದು.

ಆ ಚರಿತ್ರೆಯ ಹಳೆಯ ಸಾಕ್ಷ್ಯವೊಂದು ಸವದತ್ತಿಯಲ್ಲೇ ಇದೆ. ಸುಗಂಧವರ್ತಿ ಎಂದು ಶಾಸನಗಳು ಹೆಸರಿಸುವ ಈ ಊರಿನಲ್ಲಿ, ಚಾಲುಕ್ಯ ತೈಲಪನ ಸಾಮಂತನಾದ ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿಯನ್ನು ದತ್ತಿ ಬಿಟ್ಟನು. ಶಕವರ್ಷ 902, ಗುರುವಾರ, ಉತ್ತರಾಯಣ ಸಂಕ್ರಾಂತಿ. ಗಣಿಸಿದರೆ ಇದು ಕ್ರಿ.ಶ. 980ರ ಡಿಸೆಂಬರ್ 23, ಜೂಲಿಯನ್ ಪಂಚಾಂಗದಂತೆ.

‘ಉತ್ತರಾಯಣ ಸಂಕ್ರಾಂತಿ’ ಎಂಬ ಪದಪುಂಜದಲ್ಲಿ ಎರಡು ಬೇರೆ ಘಟನೆಗಳಿವೆ. ‘ಅಯನ’ ಎಂದರೆ ನಡೆ, ಸೂರ್ಯನು ಉತ್ತರಮುಖವಾಗಿ ಹೊರಳಿ ಸಾಗುವುದು. ಇದು ಋತುವಿನ ಸಂಗತಿ. ‘ಸಂಕ್ರಾಂತಿ’ ಎಂದರೆ ದಾಟು, ಒಂದು ರಾಶಿಯಿಂದ ಇನ್ನೊಂದಕ್ಕೆ. ಇದು ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆದದ್ದು. ಕ್ರಿ.ಶ. ಐದನೆಯ ಶತಮಾನದ ಕೊನೆಯ ಸುಮಾರಿಗೆ ಎರಡೂ ಒಂದೇ ದಿನ ಕೂಡುತ್ತಿದ್ದವು. ನಾಕ್ಷತ್ರಿಕ ವರ್ಷವು ಋತುವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದುದರಿಂದ, ಏಳು ದಶಕಗಳಿಗೆ ಒಂದು ದಿನದಂತೆ ಅವು ಅಗಲತೊಡಗಿದವು. ಶಾಂತಿವರ್ಮನ ಕಾಲಕ್ಕೇ ವಾರದಷ್ಟು ಬಿರುಕು ಬಿದ್ದಿತ್ತು. ಶಾಸನದ ‘ಉತ್ತರಾಯಣ’ ಆಗಲೇ ಋತುವಿನ ನಿಜವಾಗಿರದೆ ಸಂಪ್ರದಾಯದ ಹೆಸರಾಗಿತ್ತು. ಭಾಷೆ ಕಟ್ಟಿದ ಗಂಟನ್ನು ಆಕಾಶ ಸಡಿಲಿಸಿತು, ಭಾಷೆ ಮಾತ್ರ ಬಿಡಲಿಲ್ಲ.

ಆಧುನಿಕ ಪರಿಭಾಷೆಯಲ್ಲಿ ಗೊಂದಲ ಹೆಚ್ಚಿದ್ದು ಇಲ್ಲಿಯೇ. ಈ ವೃತ್ತದ ಇಂಗ್ಲಿಷ್ ಹೆಸರಾದ ‘ಟ್ರಾಪಿಕ್ ಆಫ್ ಕ್ಯಾಪ್ರಿಕಾರ್ನ್’ನಲ್ಲಿ ‘ಟ್ರಾಪಿಕ್’ ಎಂಬುದರ ಗ್ರೀಕ್ ಮೂಲಾರ್ಥ ‘ಹೊರಳು’. ಅದಕ್ಕೆ ಹತ್ತಿರದ ಪದ ‘ಅಯನ’. ಕನ್ನಡದಲ್ಲಿ ನೆಲೆಗೊಂಡದ್ದು ‘ಸಂಕ್ರಾಂತಿ’. ನೆರೆಯ ಮರಾಠಿ ‘ಮಕರವೃತ್ತ’ ಎಂದಷ್ಟೇ ಹೇಳಿ ಈ ತೊಡಕಿನಿಂದ ಪಾರಾಗಿದೆ.

ಒಂದು ಪದ ಎರಡರ್ಥ ಹೊರುವುದು ದೋಷವಲ್ಲ ಎಂಬ ಆಕ್ಷೇಪ ಬರಬಹುದು. ಈ ಭಾಗದ ಆಡುನುಡಿಯಲ್ಲಿ ‘ಹೊತ್ತು’ ಸೂರ್ಯನೂ ಹೌದು, ಕಾಲವೂ ಹೌದು. ‘ಹೊತ್ತು ಮುಳುಗಿತು’, ‘ಹೊತ್ತಾಯಿತು’ ಎಂಬಲ್ಲಿ ಕ್ರಿಯಾಪದವೇ ಅರ್ಥವನ್ನು ಬೇರ್ಪಡಿಸುತ್ತದೆ. ನಕ್ಷೆಯ ಮೇಲಿನ ಪಾರಿಭಾಷಿಕ ಪದಕ್ಕೆ ಅಂಥ ಆಸರೆಯಿಲ್ಲ. ‘ಮಕರ ಅಯನವೃತ್ತ’ ಎಂದರೂ ರಾಶಿಯ ಹೆಸರು ಉಳಿದೇ ಉಳಿಯುತ್ತದೆ, ನಿಜ. ಹಬ್ಬದ ದಿನವನ್ನು ಆ ಗೆರೆಗೆ ಕಟ್ಟಿಹಾಕುವ ಪದವಾದರೂ ಹೋಗುತ್ತದೆ.