ಮಳೆಯಲ್ಲಿ ಗೆದ್ದ ಚಿನ್ನ, ಸಂಬಳಕ್ಕಾಗಿ ಹತ್ತಿದ ಕೋರ್ಟು: ನಿಕೋಲ್ ಕುಕ್ ಕತೆ

ಇವತ್ತಿನ ಕತೆ ಶುರುವಾಗೋದು ಮಳೆಯಿಂದ.

2008ರ ಆಗಸ್ಟ್ 10. ಬೀಜಿಂಗ್ ಒಲಿಂಪಿಕ್ಸ್, ಮಹಿಳೆಯರ ರೋಡ್ ರೇಸ್. ಸುಮಾರು 126 ಕಿಲೋಮೀಟರ್ ದೂರ, ಮುಗಿಯೋದು ಚೀನಾದ ಮಹಾಗೋಡೆಯ ಹತ್ತಿರ. ಜೋರು ಮಳೆ, ಜಾರುವ ರಸ್ತೆ. ಕೊನೆಯ ತಿರುವಿಗೆ ಐದು ಜನ ಒಟ್ಟಿಗೆ ಬರ್ತಾರೆ. ಅವರಲ್ಲಿ ಒಬ್ಬರು, ಬಿದ್ದರೆ ಎಲ್ಲಾ ಹೋಯ್ತು ಅಂತ ವೇಗ ಇಳಿಸ್ತಾರೆ. ಉಳಿದ ನಾಲ್ವರು ಮುಂದೆ ಹೋಗಿಬಿಡ್ತಾರೆ. ಇನ್ನು ಉಳಿದಿರೋದು ಏರು ದಾರಿ. ಹಿಂದೆ ಬಿದ್ದವರು ಅಲ್ಲಿಂದ ತುಳಿದು, ಒಬ್ಬೊಬ್ಬರನ್ನೇ ದಾಟಿ, ಚಿನ್ನ ಗೆಲ್ತಾರೆ. ಅವರೇ ವೇಲ್ಸ್‌ನ ನಿಕೋಲ್ ಕುಕ್. ಆ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಸಿಕ್ಕ ಮೊದಲ ಪದಕ ಅದು.

ಇದು ಒಂದು ದಿನದ ಅದೃಷ್ಟ ಅಲ್ಲ. ಕುಕ್ ಹುಟ್ಟಿದ್ದು 1983ರಲ್ಲಿ, ಬೆಳೆದದ್ದು ವಿಕ್ ಅನ್ನೋ ಹಳ್ಳಿಯಲ್ಲಿ. ಸೈಕಲ್ ರೇಸ್ ಅಂದ್ರೆ ಹುಡುಗರದ್ದು ಅನ್ನೋ ಕಾಲ ಅದು. ಹುಡುಗಿಯರಿಗೂ ಟ್ರ್ಯಾಕ್ ಚಾಂಪಿಯನ್‌ಷಿಪ್ ನಡೆಸಿ ಅಂತ ಅಪ್ಪ, ಮಗಳು ಇಬ್ಬರೂ ಅಧಿಕಾರಿಗಳ ಬೆನ್ನು ಬಿದ್ದಿದ್ದರು. 1999ರಲ್ಲಿ, ಬರೀ 16ನೇ ವಯಸ್ಸಿಗೆ, ಆಕೆ ದೊಡ್ಡವರ ವಿಭಾಗದಲ್ಲೇ ಬ್ರಿಟಿಷ್ ರಾಷ್ಟ್ರೀಯ ರೋಡ್ ಚಾಂಪಿಯನ್ ಆದರು. ಮರುವರ್ಷ ಸಿಡ್ನಿ ಒಲಿಂಪಿಕ್ಸ್ ಬಂತು. ವಯಸ್ಸು ಸಾಲದು ಅಂತ ಅವಕಾಶ ಸಿಗಲಿಲ್ಲ.

ಆಮೇಲೆ ವೃತ್ತಿಪರ ಜೀವನ ಶುರುವಾಗಿದ್ದು ಇಟಲಿಯಲ್ಲಿ. 2003ರಲ್ಲಿ ವಿಶ್ವಕಪ್ ಸರಣಿ, 2004ರಲ್ಲಿ ಮಹಿಳೆಯರ ಜಿರೋ ದಿಟಾಲಿಯಾ, 2006 ಮತ್ತು 2007ರಲ್ಲಿ ಫ್ರಾನ್ಸಿನ ಗ್ರಾಂಡ್ ಬೂಕ್ಲ್. 2008ರಲ್ಲಿ ಒಲಿಂಪಿಕ್ ಚಿನ್ನದ ಬೆನ್ನಿಗೇ ಇಟಲಿಯ ವಾರೆಸೆಯಲ್ಲಿ ಮರಿಯಾನ್ನೆ ವೋಸ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್. ಒಂದೇ ವರ್ಷದಲ್ಲಿ ರೋಡ್ ರೇಸ್‌ನ ಈ ಎರಡೂ ಪಟ್ಟ ಗೆದ್ದವರು ಗಂಡಸರಲ್ಲೂ ಅದುವರೆಗೆ ಇರಲಿಲ್ಲ!

ಇಷ್ಟೆಲ್ಲ ಗೆದ್ದವರ ಜೇಬು ತುಂಬಿರಬೇಕು ಅಲ್ವಾ? ಇಲ್ಲ ನೋಡಿ. ಗಂಡಸರ ತಂಡಗಳಿಗೆ ಕನಿಷ್ಠ ಸಂಬಳದ ನಿಯಮ ಇತ್ತು, ಹೆಂಗಸರಿಗೆ ಇರಲಿಲ್ಲ. ಪ್ರಾಯೋಜಕರು ಕೈಬಿಟ್ಟರೆ ತಂಡವೇ ಮುಳುಗೋದು. ಬರಬೇಕಾದ ಸಂಬಳಕ್ಕಾಗಿ ಕುಕ್ ಕೋರ್ಟು ಹತ್ತಬೇಕಾಯಿತು. ಉದ್ದೀಪನ ಮದ್ದಿನ ಆಮಿಷವೂ ಬಂತು. ಅವರು ಒಪ್ಪಲಿಲ್ಲ.

2013ರ ಜನವರಿಯಲ್ಲಿ, 29ನೇ ವಯಸ್ಸಿಗೆ, ನಿವೃತ್ತಿ ಘೋಷಿಸಿದರು. ಅದೇ ವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಟಿವಿಯಲ್ಲಿ ತಪ್ಪೊಪ್ಪಿಕೊಂಡರು. ಜಗತ್ತೆಲ್ಲ ಆ ಕಡೆ ನೋಡ್ತಿತ್ತು. ಕುಕ್ ತಮ್ಮ ವಿದಾಯದ ಮಾತಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಮೋಸ ಮಾಡಿದವರು ಆ ಮೋಸದ ಕತೆ ಬರೆದು ಗಳಿಸುವ ದುಡ್ಡು, ನಾನು ಪ್ರಾಮಾಣಿಕವಾಗಿ ಇಷ್ಟು ವರ್ಷ ದುಡಿದದ್ದಕ್ಕಿಂತ ಹೆಚ್ಚು.

ಅಲ್ಲಿಗೇ ಅವರು ಸುಮ್ಮನಾಗಲಿಲ್ಲ. 2017ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ, ಈ ಕ್ರೀಡೆಯನ್ನು ಗಂಡಸರು ಗಂಡಸರಿಗಾಗಿಯೇ ನಡೆಸ್ತಿದ್ದಾರೆ ಅಂತ ಸಾಕ್ಷಿ ನುಡಿದರು.

ಬದಲಾವಣೆ ಬಂತು, ಆದರೆ ನಿಧಾನಕ್ಕೆ. ಮಹಿಳೆಯರ ಉನ್ನತ ದರ್ಜೆಯ ತಂಡಗಳಿಗೆ ಕನಿಷ್ಠ ಸಂಬಳ ಜಾರಿಯಾಗಿದ್ದು 2020ರಲ್ಲಿ, ವರ್ಷಕ್ಕೆ 15,000 ಯೂರೋ. 2009ರಲ್ಲಿ ನಿಂತುಹೋಗಿದ್ದ ಗ್ರಾಂಡ್ ಬೂಕ್ಲ್ ಜಾಗಕ್ಕೆ ಮಹಿಳೆಯರ ಟೂರ್ ಡಿ ಫ್ರಾನ್ಸ್ ಬಂದಿದ್ದು 2022ರಲ್ಲಿ. ಕುಕ್ ಸೈಕಲ್ ಇಳಿದು ಅಷ್ಟೊತ್ತಿಗೆ ಒಂಬತ್ತು ವರ್ಷ ಆಗಿತ್ತು.

ಅವರು ಕೇಳಿದ್ದು ಅವರಿಗೆ ಸಿಗಲಿಲ್ಲ. ಹಿಂದೆ ಬಂದ ಹುಡುಗಿಯರಿಗೆ ಒಂದಿಷ್ಟು ಸಿಕ್ಕಿದೆ. ಪದಕಗಳ ಪಟ್ಟಿ ಓದುವಾಗ ಈ ಲೆಕ್ಕವನ್ನೂ ಸೇರಿಸಿಕೊಳ್ಳೋಣ.