ಕಣ್ಣ ಹಿಂದಿನ ಮೂರು ಮಿಲಿಮೀಟರ್

1850ರ ಕೊನೆಯಲ್ಲಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಜೀವಂತ ಕಣ್ಣಿನೊಳಗೆ ಬೆಳಕು ಹಾಯಿಸಿ ನೋಡುವ ಪುಟ್ಟ ಉಪಕರಣವೊಂದನ್ನು ರೂಪಿಸಿದ. ಕಣ್ಣಿನ ಪರದೆಯನ್ನು ವೈದ್ಯರು ಸರಿಯಾಗಿ ಕಂಡದ್ದು ಆಗಲೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಉಪಕರಣ ಬರ್ಲಿನ್ನಿನ ನೇತ್ರತಜ್ಞ ಆಲ್‌ಬ್ರೆಕ್ಟ್ ಫಾನ್ ಗ್ರೇಫಗೆ ಇನ್ನೊಂದು ಸಂಗತಿ ತೋರಿಸಿಕೊಟ್ಟಿತು. ಮಿದುಳಿನಲ್ಲಿ ಗೆಡ್ಡೆ ಬೆಳೆದವರ ಎರಡೂ ಕಣ್ಣುಗಳಲ್ಲಿ, ದೃಷ್ಟಿನರ ಒಳಬರುವ ಜಾಗ ಊದಿಕೊಂಡು ಅಂಚು ಮಸುಕಾಗಿರುತ್ತಿತ್ತು. ಕಾಯಿಲೆ ತಲೆಯೊಳಗೆ, ಕುರುಹು ಕಣ್ಣಿನೊಳಗೆ.

ತಲೆಬುರುಡೆ ಹಿಗ್ಗುವುದಿಲ್ಲ ಎಂಬುದು ಆ ಹೊತ್ತಿಗಾಗಲೇ ತಿಳಿದ ವಿಷಯ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿ, ಜಾರ್ಜ್ ಕೆಲ್ಲಿ 1824ರಲ್ಲಿ ಇದನ್ನೇ ಹೇಳಿದ್ದರು. ಆ ಗಟ್ಟಿ ಚಿಪ್ಪಿನೊಳಗೆ ಗೆಡ್ಡೆಯೋ ರಕ್ತವೋ ನೀರೋ ಹೆಚ್ಚಾದರೆ, ಅಲ್ಲಿರುವ ಇನ್ಯಾವುದಾದರೂ ಜಾಗ ಬಿಡಲೇಬೇಕು. ಬಿಡಲು ಜಾಗವೇ ಉಳಿಯದಿದ್ದಾಗ ಒತ್ತಡ ಏರುತ್ತದೆ, ಮಿದುಳಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ರೋಗಿ ತಲೆನೋವು, ವಾಂತಿ, ಮಂಪರುಗಳನ್ನು ದಾಟಿ ಕೋಮಾಕ್ಕೆ ಜಾರುತ್ತಾನೆ. ಮಲಗಿರುವ ಆರೋಗ್ಯವಂತ ವಯಸ್ಕರಲ್ಲಿ ಈ ಒತ್ತಡ ಸುಮಾರು 15 ಮಿ.ಮೀ. ಪಾದರಸದೊಳಗೇ ಇರುತ್ತದೆ. 20 ದಾಟಿ ಅಲ್ಲೇ ನಿಂತರೆ ಐಸಿಯು ವೈದ್ಯರು ಸುಮ್ಮನಿರುವುದಿಲ್ಲ.

ಆದರೆ ತಲೆಯ ಒತ್ತಡ ಕಣ್ಣಿಗೆ ತಲುಪುವುದು ಹೇಗೆ? ಕಣ್ಣಿನಿಂದ ರಕ್ತ ಹಿಂದಿರುಗುವ ಸಿರೆಗಳಿಗೆ ತಡೆಯಾಗುತ್ತದೆ ಎಂದು ಗ್ರೇಫ ಭಾವಿಸಿದ್ದ. ಬೇರೆ ದಾರಿ ತೋರಿಸಿದವನು ಜರ್ಮನಿಯ ಅಂಗರಚನಾ ತಜ್ಞ ಗುಸ್ತಾವ್ ಶ್ವಾಲ್ಬ. ಮಿದುಳನ್ನು ಸುತ್ತುವರಿದ ದ್ರವದ ಅವಕಾಶ ಅಲ್ಲಿಗೇ ಮುಗಿಯದೆ, ಅಂಗಿಯ ತೋಳಿನಂತೆ ದೃಷ್ಟಿನರವನ್ನು ಸುತ್ತಿಕೊಂಡು ಕಣ್ಣುಗುಡ್ಡೆಯ ಬೆನ್ನಿನವರೆಗೂ ಬರುತ್ತದೆ ಎಂಬುದನ್ನು 1860ರ ದಶಕದ ಕೊನೆಗೆ, ಬಣ್ಣದ ದ್ರವ ಹಾಯಿಸಿ ಅವನು ತೋರಿಸಿದ. ಸ್ವೀಡನ್ನಿನ ಆಕ್ಸೆಲ್ ಕೀ ಮತ್ತು ಗುಸ್ತಾಫ್ ರೆಟ್ಸಿಯಸ್ ಅದನ್ನು ಇನ್ನಷ್ಟು ಖಚಿತಪಡಿಸಿದರು. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಕವಚದ ಮೇಲೆಯೇ.

ಬ್ರಿಟನ್ನಿನಲ್ಲಿ ಹ್ಯೂಲಿಂಗ್ಸ್ ಜಾಕ್ಸನ್, ಕ್ಲಿಫರ್ಡ್ ಆಲ್ಬಟ್, ವಿಲಿಯಂ ಗೌವರ್ಸ್ ಅವರಂಥವರು ಕಣ್ಣೊಳಗೆ ಇಣುಕುವುದನ್ನು ನರರೋಗ ಪರೀಕ್ಷೆಯ ಕಟ್ಟಳೆಯಾಗಿಸಿದರು. ಆಲ್ಬಟ್ ಪುಸ್ತಕ ಬಂದದ್ದು 1871ರಲ್ಲಿ, ಗೌವರ್ಸ್ ತಾನೇ ಚಿತ್ರ ಬರೆದ ಕೈಪಿಡಿ 1879ರಲ್ಲಿ. ಕಟ್ಟಳೆ ಒಳ್ಳೆಯದೇ, ಆದರೆ ಅದಕ್ಕೊಂದು ಮಿತಿಯಿತ್ತು. ನರದ ತುದಿ ಊದಿಕೊಳ್ಳಲು ಸಮಯ ಬೇಕು, ಹಲವು ಸಲ ದಿನಗಳೇ ಬೇಕು. ಒಂದು ಗಂಟೆಯ ಹಿಂದೆ ತಲೆಗೆ ಪೆಟ್ಟು ಬಿದ್ದವನ ಕಣ್ಣೊಳಗೆ ಎಲ್ಲವೂ ನೆಟ್ಟಗೆ ಕಾಣಬಹುದು. ಅದೂ ಅಲ್ಲದೆ, ಒಳಗನ್ನು ಚೆನ್ನಾಗಿ ನೋಡಲು ಪಾಪೆ ಅಗಲಿಸುವ ಹನಿ ಹಾಕಿದರೆ, ಅಂಥ ರೋಗಿಯಲ್ಲಿ ಕ್ಷಣಕ್ಷಣಕ್ಕೂ ಗಮನಿಸಬೇಕಾದ ಪಾಪೆಯ ಚಲನೆಯೇ ಕೈತಪ್ಪಿ ಹೋಗುತ್ತದೆ.

ಒತ್ತಡವನ್ನು ನೇರವಾಗಿ ಅಳೆಯುವ ದಾರಿಗಳೂ ಬಂದವು. ಹೈನ್ರಿಕ್ ಕ್ವಿಂಕ 1891ರಲ್ಲಿ ಬೆನ್ನಿನ ಕೆಳಭಾಗಕ್ಕೆ ಸೂಜಿ ಹಾಕಿ ದ್ರವದ ಒತ್ತಡ ನೋಡುವುದನ್ನು ವಿವರಿಸಿದ. 1960ರಲ್ಲಿ ಸ್ವೀಡನ್ನಿನ ನಿಲ್ಸ್ ಲುಂಡ್‌ಬರಿ ಬುರುಡೆಗೆ ರಂಧ್ರ ಕೊರೆದು, ಮಿದುಳಿನ ಕುಹರದೊಳಗೆ ನಳಿಕೆ ಇಳಿಸಿ, ಒತ್ತಡದ ಏರಿಳಿತವನ್ನು ಸತತವಾಗಿ ದಾಖಲಿಸಿದ ಅಧ್ಯಯನ ಪ್ರಕಟಿಸಿದ. ಇಂದಿಗೂ ಅದೇ ಮಾನದಂಡ. ನರಶಸ್ತ್ರತಜ್ಞರಿಲ್ಲದ ಆಸ್ಪತ್ರೆಯಲ್ಲಿ ಮಾತ್ರ ಅದು ಆಗದ ಮಾತು. ರಕ್ತಸ್ರಾವ, ಸೋಂಕಿನ ಭಯವೂ ಇದ್ದೇ ಇದೆ.

ಇಲ್ಲಿ ಪಂಜಾಬಿನಲ್ಲಿ ಹುಟ್ಟಿದ ನೇತ್ರವಿಜ್ಞಾನಿ ಸೋಹನ್ ಸಿಂಗ್ ಹೈರೆ ಅವರನ್ನು ನೆನೆಯಲೇಬೇಕು. ಯಂತ್ರಗಳ ಚರಿತ್ರೆ ಬರೆಯುವವರು ಅವರನ್ನು ಹಾರಿಸಿ ಹೋಗುವುದುಂಟು, ಅದು ಸರಿಯಲ್ಲ. ಲಂಡನ್ನಿನಲ್ಲಿ ಸಂಶೋಧನೆ ನಡೆಸಿದ ಅವರು ಕೋತಿಗಳ ತಲೆಬುರುಡೆಯೊಳಗೆ ಚಿಕ್ಕ ಬಲೂನು ಇರಿಸಿ ಮೆಲ್ಲಮೆಲ್ಲಗೆ ಉಬ್ಬಿಸಿದರು. ಕಣ್ಣುಗಳಲ್ಲಿ ಊತ ಕಾಣಿಸಿಕೊಂಡಿತು. ಒಂದು ಬದಿಯ ದೃಷ್ಟಿನರದ ಕವಚವನ್ನು ಸೀಳಿದಾಗ ಆ ಕಣ್ಣಿನ ಊತ ಇಳಿಯಿತು. 1964ರಲ್ಲಿ ಅವರು ಇದನ್ನು ಪ್ರಕಟಿಸಿದರು. ತಲೆಯ ಒತ್ತಡ ಕವಚದ ದ್ರವದ ಮೂಲಕವೇ ಕಣ್ಣಿಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿರಲಿಲ್ಲ.

ಅದೇ ಕಾಲಕ್ಕೆ ಶಬ್ದದ ಅಲೆಗಳು ಕಣ್ಣಾಸ್ಪತ್ರೆಗೆ ಕಾಲಿಟ್ಟಿದ್ದವು. 1956ರಲ್ಲಿ ಅಮೆರಿಕದ ಮಂಟ್ ಮತ್ತು ಹ್ಯೂಸ್ ಅಲ್ಟ್ರಾಸೌಂಡ್ ಪ್ರತಿಧ್ವನಿಯಿಂದ ಕಣ್ಣಿನ ಗೆಡ್ಡೆ ಗುರುತಿಸುವ ಪ್ರಯತ್ನ ವರದಿ ಮಾಡಿದರು. ತೆರೆಯ ಮೇಲೆ ಕಾಣುತ್ತಿದ್ದುದು ಮೊನಚು ಗೆರೆಗಳಷ್ಟೇ. ಎರಡೇ ವರ್ಷದಲ್ಲಿ ಬೌಮ್ ಮತ್ತು ಗ್ರೀನ್‌ವುಡ್ ಚಿತ್ರವನ್ನೇ ಮೂಡಿಸಿದರು. ವಿಯೆನ್ನಾದಿಂದ ಅಯೋವಾ ವಿಶ್ವವಿದ್ಯಾಲಯಕ್ಕೆ ಬಂದ ಕಾರ್ಲ್ ಒಸ್ಸೊಯ್ನಿಗ್ ಒಂದು ಜಾಣ ಪರೀಕ್ಷೆ ಕಂಡುಹಿಡಿದ. ರೋಗಿ ನೇರ ನೋಡುವಾಗ ನರದ ದಪ್ಪ ಅಳೆಯುವುದು, ಆಮೇಲೆ 30 ಡಿಗ್ರಿ ಪಕ್ಕಕ್ಕೆ ನೋಡಿಸಿ ಮತ್ತೆ ಅಳೆಯುವುದು. ಕವಚದಲ್ಲಿ ತುಂಬಿರುವುದು ದ್ರವವಾದರೆ, ನರ ಎಳೆದುಕೊಂಡಾಗ ಅದು ಹಂಚಿಹೋಗಿ ದಪ್ಪ ಇಳಿಯುತ್ತದೆ. ಗೆಡ್ಡೆಯಾದರೆ ಇಳಿಯುವುದಿಲ್ಲ. ಹೈರೆಯವರೂ ಮುಂದೆ ಅದೇ ಅಯೋವಾದಲ್ಲಿ ನೆಲೆಸಿದರು.

ಕವಚ, ಅಲ್ಟ್ರಾಸೌಂಡ್ ಎಂಬ ಎರಡು ಎಳೆಗಳನ್ನೂ ಗಟ್ಟಿಯಾಗಿ ಹೆಣೆದವರು ಜರ್ಮನಿಯ ಹಾನ್ಸನ್ ಮತ್ತು ಹೆಲ್ಮ್ಕ. 1990ರ ದಶಕದಲ್ಲಿ ಅವರು ಮೊದಲು ಶವದಿಂದ ತೆಗೆದ ನರಗಳ ಕವಚ ತುಂಬಿಸಿ ನೋಡಿದರು. ಕಣ್ಣಿಗೆ ಹತ್ತಿರದ ಮುಂಭಾಗವೇ ಎಲ್ಲಕ್ಕಿಂತ ಹೆಚ್ಚು ಹಿಗ್ಗಿತು. ಕಣ್ಣುಗುಡ್ಡೆಯ ಹಿಂದೆ 3 ಮಿಲಿಮೀಟರ್ ಜಾಗದಲ್ಲಿ ಅಳೆಯಬೇಕೆಂಬ ಇಂದಿನ ನಿಯಮ ಬಂದದ್ದು ಹೀಗೆ. ಆಮೇಲೆ, ರೋಗನಿರ್ಣಯಕ್ಕಾಗಿ ಬೆನ್ನಿನ ಸೂಜಿಯ ಮೂಲಕ ದ್ರವ ಒಳಹರಿಸಿಕೊಳ್ಳುತ್ತಿದ್ದ ರೋಗಿಗಳ ಕಣ್ಣಿನ ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರು. ಒತ್ತಡ ಏರುತ್ತಿದ್ದಂತೆ ಕವಚ ಅಗಲವಾಗುವುದು ತೆರೆಯ ಮೇಲೆ ಕಂಡಿತು. ದಿನಗಟ್ಟಲೆ ಕಾಯಬೇಕಿರಲಿಲ್ಲ.

2003ರಲ್ಲಿ ಅಮೆರಿಕದ ಮೈಕೆಲ್ ಬ್ಲೈವಾಸ್ ಮತ್ತು ಸಂಗಡಿಗರು ತುರ್ತು ಚಿಕಿತ್ಸಾ ಘಟಕದ 35 ರೋಗಿಗಳಲ್ಲಿ ಇದನ್ನು ಮಾಡಿ, ಸಿ.ಟಿ. ಸ್ಕ್ಯಾನ್ ಜೊತೆ ಹೋಲಿಸಿದರು. ವಿದ್ಯೆ ಕಣ್ಣಿನ ತಜ್ಞರ ಕೋಣೆಯಿಂದ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂತು. ಮಾಡುವ ಬಗೆ ಕಷ್ಟದ್ದಲ್ಲ: ಮುಚ್ಚಿದ ರೆಪ್ಪೆಯ ಮೇಲೆ ಧಾರಾಳವಾಗಿ ಜೆಲ್ ಹಾಕಿ, ಪ್ರೋಬನ್ನು ಗುಡ್ಡೆಗೆ ಭಾರ ಬೀಳದಂತೆ ಹಗುರವಾಗಿ ಹಿಡಿಯಬೇಕು. ಕೈಯ ಬುಡ ರೋಗಿಯ ಹಣೆಯ ಮೇಲೋ ಕೆನ್ನೆಯ ಮೇಲೋ ಊರಿರಬೇಕು. ಕಪ್ಪು ಗೋಳದ ಹಿಂದೆ ನರ ಕಪ್ಪು ಪಟ್ಟಿಯಾಗಿ ಇಳಿಯುತ್ತದೆ. 3 ಮಿ.ಮೀ. ಹಿಂದಕ್ಕೆ ಗುರುತು ಹಾಕಿ, ಅಲ್ಲಿ ಅಡ್ಡಕ್ಕೆ ಅಳೆದರಾಯಿತು. ಕಣ್ಣು ಸೂಕ್ಷ್ಮವಾದ್ದರಿಂದ ಯಂತ್ರದ ಶಕ್ತಿ ತಗ್ಗಿಸುವುದು ಕಡ್ಡಾಯ. ಗುಡ್ಡೆಯೇ ಒಡೆದಿರುವ ಅನುಮಾನವಿದ್ದರೆ ಮುಟ್ಟಲೇಬಾರದು.

ತಕರಾರು ಇರುವುದು ಅಂಕಿಯ ಬಗ್ಗೆ. ಬ್ಲೈವಾಸ್ ತಂಡ 5 ಮಿ.ಮೀ. ದಾಟಿದರೆ ಅಪಾಯವೆಂದಿತು. ಆಮೇಲಿನ ಒಂದು ಅಧ್ಯಯನ 4.8 ಎಂದಿತು, ಮತ್ತೊಂದು 5.8ಕ್ಕಿಂತಲೂ ಮೇಲೆ ಹೋಯಿತು. ಬಾಂಗ್ಲಾದೇಶದ 136 ಆರೋಗ್ಯವಂತರನ್ನು ಅಳೆದಾಗ ಮಧ್ಯಾಂಕ 4.41 ಮಿ.ಮೀ. ಬಂತು. ಯಂತ್ರ, ಅಳೆಯುವ ಕೈ, ಜನಾಂಗ ಎಲ್ಲವೂ ಈ ವ್ಯತ್ಯಾಸದೊಳಗೆ ತಮ್ಮ ಪಾಲು ಸೇರಿಸುತ್ತವೆ. ಅಂತರಿಕ್ಷದಲ್ಲಿ ಆರು ತಿಂಗಳು ಕಳೆದ ಏಳು ಗಗನಯಾತ್ರಿಗಳ ಬಗ್ಗೆ 2011ರಲ್ಲಿ ಬಂದ ವರದಿ ಇನ್ನೊಂದು ಎಚ್ಚರಿಕೆ. ಅವರಲ್ಲಿ ಐವರಿಗೆ ದೃಷ್ಟಿನರದ ತುದಿ ಊದಿತ್ತು, ಕವಚ ಹಿಗ್ಗಿದ್ದೂ ಕಂಡಿತ್ತು. ತಲೆಯ ಒತ್ತಡವೇ ಕಾರಣವೆಂದು ಅದಕ್ಕೊಂದು ಹೆಸರಿಟ್ಟರು. ಭೂಮಿಗೆ ಮರಳಿದ ಮೇಲೆ ಅಳೆದ ಒತ್ತಡ ಅಷ್ಟೇನೂ ಹೆಚ್ಚಿರದ ಕಾರಣ ಹೆಸರನ್ನೇ ಬದಲಿಸಬೇಕಾಯಿತು. ಹೀಗಾಗಿ ಅನುಭವಿಗಳು ಒಂದೇ ಅಳತೆಯನ್ನು ನೆಚ್ಚಿ ಕೂರುವುದಿಲ್ಲ. ಅದೇ ರೋಗಿಯನ್ನು ಮತ್ತೆ ಅಳೆದು ಏರಿಳಿತ ನೋಡುತ್ತಾರೆ.

ಸಿ.ಟಿ. ಯಂತ್ರ ಕೈಗೆಟುಕದ ಕಡೆ ಈ ಪರೀಕ್ಷೆಗೆ ಬೆಲೆ ಹೆಚ್ಚು. ಮಲಾವಿಯಲ್ಲಿ ಮಕ್ಕಳ ಮೇಲೆ, ನೇಪಾಳದ ಫೆರಿಚೆಯಲ್ಲಿ 4,200 ಮೀಟರಿಗೂ ಎತ್ತರದಲ್ಲಿ ಬೆಟ್ಟದ ಕಾಯಿಲೆಗೆ ಸಿಕ್ಕ ಚಾರಣಿಗರ ಮೇಲೆ ಇದನ್ನು ಬಳಸಿ ನೋಡಿದ್ದಾರೆ. ಭಾರತದಲ್ಲಿ ಇನ್ನೊಂದು ತೊಡಕಿದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳಿಗೆ ನೋಂದಣಿ ಕಡ್ಡಾಯ, ಕೈಯಲ್ಲಿ ಹಿಡಿದೊಯ್ಯುವ ಯಂತ್ರಗಳ ಸಾಗಾಟಕ್ಕೂ ನಿರ್ಬಂಧವಿದೆ. ಕಾಯ್ದೆ ಬೇಕೇ ಬೇಕು, ಅದರ ಹಿಂದಿನ ನೋವು ಸಣ್ಣದಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ, ಪ್ರಜ್ಞೆ ತಪ್ಪಿದ ಗಾಯಾಳುವನ್ನು ಈ ರಾತ್ರಿಯೇ ದೊಡ್ಡ ಊರಿಗೆ ಕಳಿಸಬೇಕೇ ಎಂದು ನಿರ್ಧರಿಸುವಾಗ, ಈ ಯಂತ್ರ ನೆರವಾಗಬಲ್ಲದು. ಅದಕ್ಕೆ ಪರವಾನಗಿಯ ದಾರಿ ಸರಳವಾಗುವುದರ ಜೊತೆಗೆ ಕಣ್ಣಿನ ಮೇಲೆ ಪ್ರೋಬ್ ಹಿಡಿಯುವ ತರಬೇತಿಯೂ ಸಿಗಬೇಕು.