ಋತುಬಂಧ: ಲಕ್ಷಣ, ತಪಾಸಣೆ ಮತ್ತು ಚಿಕಿತ್ಸೆ

ಅಂಡಾಶಯಗಳ ಕಾರ್ಯ ಕ್ರಮೇಣ ಕುಂದಿ, ಈಸ್ಟ್ರೋಜೆನ್ ಹಾರ್ಮೋನಿನ ಉತ್ಪತ್ತಿ ತೀರಾ ಇಳಿದಾಗ ಮುಟ್ಟು ಶಾಶ್ವತವಾಗಿ ನಿಲ್ಲುತ್ತದೆ. ಇದೇ ಋತುಬಂಧ ಅಥವಾ ಮೆನೋಪಾಸ್. ಬೇರಾವ ಕಾರಣವೂ ಇಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಗಿದೆ ಎಂದು ವೈದ್ಯರು ನಿರ್ಧರಿಸುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಬಂದರೆ, ಭಾರತದಲ್ಲಿ ಸುಮಾರು 46-47ನೇ ವಯಸ್ಸಿಗೇ ಬರುತ್ತದೆ. ಅಂದರೆ ಇಲ್ಲಿನ ಮಹಿಳೆಯರು ಆಯುಷ್ಯದ ಸುಮಾರು ಮೂರನೇ ಒಂದು ಭಾಗವನ್ನು ಋತುಬಂಧದ ನಂತರವೇ ಕಳೆಯುತ್ತಾರೆ.

ಲಕ್ಷಣಗಳು

ಮುಟ್ಟು ಒಮ್ಮೆಗೇ ನಿಲ್ಲುವುದು ಅಪರೂಪ. ಅದಕ್ಕೆ ಕೆಲವು ವರ್ಷಗಳ ಮೊದಲೇ ಹಾರ್ಮೋನುಗಳ ಪ್ರಮಾಣ ಏರಿಳಿಯತೊಡಗುತ್ತದೆ. ಮುಟ್ಟು ಬೇಗ ಬರುವುದು, ತಡವಾಗುವುದು, ಸ್ರಾವ ಹೆಚ್ಚುವುದು ಈ ಹಂತದ ಸೂಚನೆಗಳು.

ಇದ್ದಕ್ಕಿದ್ದಂತೆ ಮುಖ, ಕತ್ತು, ಎದೆ ಬಿಸಿಯೇರಿ ಬೆವರುವುದು ಅತಿ ಸಾಮಾನ್ಯ ತೊಂದರೆ. ದೇಹದ ಉಷ್ಣತೆಯನ್ನು ನಿಯಂತ್ರಿಸುವ ಮೆದುಳಿನ ಹೈಪೋಥಲಾಮಸ್ ಭಾಗ, ಈಸ್ಟ್ರೋಜೆನ್ ಇಳಿದಾಗ ಅಲ್ಪ ಬಿಸಿಗೂ ಅತಿಯಾಗಿ ಪ್ರತಿಕ್ರಿಯಿಸುವುದೇ ಇದಕ್ಕೆ ಕಾರಣ. ರಾತ್ರಿ ಬೆವರಿನಿಂದ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟರೆ ಸಿಡುಕು, ಮರೆವು, ಆಯಾಸ ಹೆಚ್ಚುತ್ತವೆ. ಹಲವರಲ್ಲಿ ಈ ತೊಂದರೆ ಏಳೆಂಟು ವರ್ಷ ಮುಂದುವರಿಯುವುದುಂಟು. ಯೋನಿಯ ಶುಷ್ಕತೆ, ಸಂಭೋಗದ ವೇಳೆ ನೋವು, ಪದೇ ಪದೇ ಮೂತ್ರದ ಸೋಂಕು ನಂತರದ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇವು ತಾವಾಗಿ ಕಡಿಮೆಯಾಗುವುದು ವಿರಳ. ಸಂಕೋಚದಿಂದ ಬಹುತೇಕರು ಇವನ್ನು ಹೇಳಿಕೊಳ್ಳದ ಕಾರಣ, ವೈದ್ಯರೇ ಮುಂದಾಗಿ ವಿಚಾರಿಸುವುದು ಅಗತ್ಯ.

ತಪಾಸಣೆ

45 ವರ್ಷ ದಾಟಿದವರಲ್ಲಿ ಈ ಲಕ್ಷಣಗಳಿದ್ದರೆ ಹಾರ್ಮೋನು ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಎಫ್‌ಎಸ್‌ಎಚ್ ಪ್ರಮಾಣ ಈ ಹಂತದಲ್ಲಿ ದಿನದಿಂದ ದಿನಕ್ಕೆ ಬದಲಾಗುವುದರಿಂದ ಒಂದು ವರದಿಯನ್ನು ನೆಚ್ಚುವಂತಿಲ್ಲ. ಆದರೆ 40 ವರ್ಷಕ್ಕೆ ಮೊದಲೇ ಮುಟ್ಟು ನಿಂತರೆ ಅದು ಅಕಾಲಿಕ. ಈ ಪರೀಕ್ಷೆ ಸೇರಿದಂತೆ ಪೂರ್ಣ ತಪಾಸಣೆ ಆಗಲೇಬೇಕು. ಥೈರಾಯ್ಡ್ ತೊಂದರೆ, ರಕ್ತಹೀನತೆ ಹಾಗೂ ಗರ್ಭಧಾರಣೆ ಇಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕೊನೆಯ ಮುಟ್ಟಿನ ನಂತರ, 50 ದಾಟಿದವರು ಒಂದು ವರ್ಷ ಮತ್ತು ಅದಕ್ಕಿಂತ ಕಿರಿಯರು ಎರಡು ವರ್ಷ ಗರ್ಭನಿರೋಧಕ ಬಳಸುವುದು ಸೂಕ್ತ.

ಋತುಬಂಧವಾಗಿ ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ನಿರ್ಲಕ್ಷಿಸಬಾರದು. ಕಾರಣ ಬಹುಪಾಲು ಸಾಮಾನ್ಯದ್ದೇ ಆಗಿದ್ದರೂ, ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸುಳಿವು ಇದೇ ಇರಬಹುದು. ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿ.ಮೀ.ಗಿಂತ ದಪ್ಪವಿದ್ದರೆ ಬಯಾಪ್ಸಿ ಮಾಡಿಸಬೇಕಾಗುತ್ತದೆ.

ಹಾರ್ಮೋನು ಚಿಕಿತ್ಸೆ

ಬಿಸಿಯೇರುವಿಕೆಗೆ ಅತ್ಯಂತ ಪರಿಣಾಮಕಾರಿ ಔಷಧ ಈಸ್ಟ್ರೋಜೆನ್. ಗರ್ಭಕೋಶ ಇರುವವರಿಗೆ ಇದರೊಡನೆ ಪ್ರೊಜೆಸ್ಟರಾನ್ ಕೊಡಲೇಬೇಕು. ಇಲ್ಲದಿದ್ದರೆ ಒಳಪದರ ಬೆಳೆದು ಕ್ಯಾನ್ಸರಿಗೆ ದಾರಿಯಾಗಬಹುದು.

ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಸಂಯುಕ್ತ ಹಾರ್ಮೋನು ಅಧ್ಯಯನವನ್ನು 2002ರ ಜುಲೈನಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಿದಾಗ, ಈ ಚಿಕಿತ್ಸೆಯ ಬಗ್ಗೆ ಜಗತ್ತಿನೆಲ್ಲೆಡೆ ಭಯ ಹರಡಿತು. ವರ್ಷಕ್ಕೆ 10 ಸಾವಿರ ಮಹಿಳೆಯರಲ್ಲಿ 8 ಸ್ತನ ಕ್ಯಾನ್ಸರ್ ಪ್ರಕರಣ ಹೆಚ್ಚುವರಿಯಾಗಿ ಕಂಡುಬಂದಿದ್ದವು. ಆದರೆ ಅದರಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63. ಮರುವಿಶ್ಲೇಷಣೆಗಳ ಬಳಿಕ, 60 ವರ್ಷದೊಳಗಿನ ಅಥವಾ ಋತುಬಂಧವಾಗಿ 10 ವರ್ಷ ಮೀರದ ಆರೋಗ್ಯವಂತ ಮಹಿಳೆಯರಿಗೆ ತೊಂದರೆ ತೀವ್ರವಾಗಿದ್ದಲ್ಲಿ ಲಾಭವೇ ಹೆಚ್ಚು ಎಂಬ ಅಭಿಪ್ರಾಯ ಮೂಡಿದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪ್ಯಾಚ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ.

ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಯಕೃತ್ತಿನ ತೀವ್ರ ಕಾಯಿಲೆ ಅಥವಾ ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಇದು ಸಲ್ಲದು. ಅಂಥವರಿಗೆ ಕೆಲವು ಖಿನ್ನತೆ ನಿವಾರಕಗಳು, ಗ್ಯಾಬಪೆಂಟಿನ್ ಮುಂತಾದ ಔಷಧಗಳಿವೆ. ಹೈಪೋಥಲಾಮಸ್ ಮೇಲೆ ನೇರವಾಗಿ ಕೆಲಸ ಮಾಡುವ ಹಾರ್ಮೋನುರಹಿತ ಫೆಜೊಲಿನೆಟಂಟ್ ಮಾತ್ರೆಗೆ 2023ರಲ್ಲಿ ಅಮೆರಿಕ ಒಪ್ಪಿಗೆ ನೀಡಿದೆ. ಇದನ್ನು ಸೇವಿಸುವವರು ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಯೋನಿ ಶುಷ್ಕತೆಯಷ್ಟೇ ಇದ್ದರೆ ಅಲ್ಪ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ಸಾಕಾಗುತ್ತದೆ.

ಮೂಳೆ ಮತ್ತು ಹೃದಯ

ಋತುಬಂಧದ ನಂತರದ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ಈ ವಯಸ್ಸಿನವರಿಗೆ ದಿನಕ್ಕೆ 1,200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಇದೆ, ಹಾಲು, ಮೊಸರು, ಎಳ್ಳು, ಸೊಪ್ಪು ಉಳಿದುದನ್ನು ತುಂಬಬಲ್ಲವು. ವಿಟಮಿನ್ ಡಿ, ದಿನನಿತ್ಯದ ನಡಿಗೆ, ಭಾರ ಎತ್ತುವ ವ್ಯಾಯಾಮವೂ ಬೇಕು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಗಳನ್ನು ಕ್ರಮವಾಗಿ ಮಾಡಿಸಬೇಕು.

ಅನಗತ್ಯ ಶಸ್ತ್ರಚಿಕಿತ್ಸೆ

ಗರ್ಭಕೋಶದೊಡನೆ ಎರಡೂ ಅಂಡಾಶಯಗಳನ್ನು ತೆಗೆದರೆ ಋತುಬಂಧ ರಾತ್ರೋರಾತ್ರಿ ಎರಗುತ್ತದೆ. ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ. ಅಂಡಾಶಯ ಉಳಿಸಿದರೂ ಋತುಬಂಧ ಕೆಲವರಲ್ಲಿ ಬೇಗ ಬರಬಹುದು. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಹಾಗೂ ದಲಿತ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ಆರೋಪ 2015ರಲ್ಲಿ ರಾಜ್ಯದ ಗಮನ ಸೆಳೆದಿತ್ತು. ಇಂಥವನ್ನು ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು.

ಅತಿಸ್ರಾವಕ್ಕೆ ಮಾತ್ರೆ, ಹಾರ್ಮೋನುಯುಕ್ತ ವಂಕಿ ಮುಂತಾದ ಪರಿಹಾರಗಳಿವೆ. 'ಮಕ್ಕಳಾದ ಮೇಲೆ ಗರ್ಭಕೋಶ ಯಾಕೆ' ಎಂಬ ಮಾತಿಗೆ ತಲೆದೂಗುವ ಮುನ್ನ, ತೆಗೆಯಲು ಕಾರಣವೇನು, ಅಂಡಾಶಯ ಉಳಿಯುವುದೇ, ಬೇರೆ ದಾರಿ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯುವುದು ಪ್ರತಿ ಮಹಿಳೆಯ ಹಕ್ಕು.